ಚೀಟಿ ಅಂಟಿಸಿದ ಪಾತ್ರೆಗಳು

"ಬದನೆಕಾಯಿ ಯಾರಿಗೆ ಆಗಲ್ಲ ಅಂದೆ?" ಕಂಪೌಂಡರು ಅಡಿಗೆಮನೆಯಿಂದ ಕೂಗಿ ಕೇಳಿದರು.

"ಅಣ್ಣನಿಗೆ! ಎಷ್ಟು ಸಲ ಹೇಳ್ಲಿ? ಮೈಯೆಲ್ಲ ತುರಿಕೆ ಬರುತ್ತೆ. ತಂಗಿಗೆ ಎಲೆಕೋಸು ತಲೆನೋವು. ಚಿಕ್ಕಮ್ಮನಿಗೆ ಕುಂಬಳಕಾಯಿ ಹೊಟ್ಟೆ ಉಬ್ಬರ. ನಿಮಗೆ ಹಾಗಲಕಾಯಿ ಆಗಲ್ಲ. ಅದನ್ನೂ ಬರ್ಕೊಳ್ಳಿ, ಮರೆತು ತಂದುಬಿಟ್ಟೀರಿ!"

ಪಕ್ಕದ ಕೋಣೆಯ ಮಂಚದ ಮೇಲೆ ಹೆಂಡತಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಒರಗಿದ್ದಳು. ಎರಡು ವಾರದ ಹಿಂದೆ ಅಟ್ಟದ ಡಬ್ಬ ತೆಗೆಯಲು ಸ್ಟೂಲ್ ಹತ್ತಿ ಬಿದ್ದಿದ್ದಳು. ವರ್ಷಕ್ಕೊಂದು ಸಲ ತವರಿನವರೆಲ್ಲ ಇವಳ ಮನೆಗೆ ಊಟಕ್ಕೆ ಬರುವುದು ಮೂವತ್ತು ವರ್ಷದಿಂದ ನಡೆದುಬಂದದ್ದು. "ಈ ಸಲ ನಮ್ಮನೇಲಿ ಇಟ್ಕೊಳ್ಳೋಣ ಅಕ್ಕ" ಎಂದು ತಂಗಿ ಫೋನ್ ಮಾಡಿದ್ದೇ ತಡ, ಇವಳ ಕಣ್ಣಲ್ಲಿ ನೀರು. ಒಮ್ಮೆ ಆಚೆ ಹೋದ ಊಟ ಮತ್ತೆ ಈ ಮನೆಗೆ ಬರುವುದಿಲ್ಲವೆಂಬ ಭಯ. ಯಾರಿಗೆ ಯಾವುದು ಆಗದು ಎಂಬುದು ಅವಳಿಗೆ ಬಾಯಿಪಾಠ. ಆಗದ್ದನ್ನು ಉಂಡು ತನ್ನ ಮನೆಯಿಂದ ಯಾರೂ ಎದ್ದುಹೋಗಿಲ್ಲ ಎನ್ನುವುದೇ ಅವಳ ದೊಡ್ಡಸ್ತಿಕೆ. ಆ ಕಣ್ಣೀರು ನೋಡಲಾರದೆ ಕಂಪೌಂಡರು, "ನಾನೇ ಮಾಡ್ತೀನಿ ಬಿಡೇ" ಎಂದುಬಿಟ್ಟಿದ್ದರು.

ಅಂದದ್ದೇನೋ ಅಂದರು. ಆದರೆ ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ಮುಲಾಮು ಅರೆದು, ಶೀಶೆಗೆ ಚೀಟಿ ಅಂಟಿಸಿದ ಮನುಷ್ಯನಿಗೆ ಒಲೆಯ ಮುಂದೆ ಬರುತ್ತಿದ್ದದ್ದೂ ಆ ಎರಡೇ ಕೆಲಸ. ಒಬ್ಬರಿಗೆ ಆಗದಿದ್ದರೂ ಉಳಿದಿಬ್ಬರಿಗೆ ಆಗುವ ಆ ಮೂರು ತರಕಾರಿಯನ್ನು ತೂಕ ಮಾಡಿ ಬೇಯಿಸಿದರು. ಬೆಂದದ್ದನ್ನು ನುಣ್ಣಗೆ ಅರೆದರು. ಮೂರಕ್ಕೂ ಹುರಿದ ಪುಡಿಯನ್ನು ಗ್ರಾಂ ಲೆಕ್ಕದಲ್ಲಿ ಸೇರಿಸಿದರು. ಕೊನೆಗೆ ಬದನೆ, ಕೋಸು, ಕುಂಬಳ ಮೂರೂ ಒಂದೇ ಕಂದು ಬಣ್ಣದ ಮುದ್ದೆಯಾಗಿ ಒಂದೇ ಅಳತೆಯ ಮೂರು ಪಾತ್ರೆಗಳಲ್ಲಿ ಕುಳಿತವು. ಕಲಸುವವನು ನಾಲಿಗೆಗೆ ಹಚ್ಚಿ ನೋಡಬಾರದು ಎಂಬುದು ಅಂಗಡಿಯ ಶಿಸ್ತು. ಅದಕ್ಕೇ ರುಚಿಯನ್ನೂ ನೋಡಲಿಲ್ಲ. ಅನ್ನದ ಗಂಜಿಯಲ್ಲಿ ಚೀಟಿ ಅಂಟಿಸಿದರು: ಅಣ್ಣನಿಗೆ ಬೇಡ, ತಂಗಿಗೆ ಬೇಡ, ಚಿಕ್ಕಮ್ಮನಿಗೆ ಬೇಡ.

ಹನ್ನೆರಡೂವರೆಗೆ ಪಾತ್ರೆಗಳನ್ನು ಬಿಸಿಗಿಟ್ಟರು. ಹಬೆಗೆ ಗಂಜಿ ಕರಗಿ ಮೂರು ಚೀಟಿಗಳೂ ಜಾರಿ ನೆಲಕ್ಕೆ ಬಿದ್ದವು. ಅದೇ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು. ನಲವತ್ತು ವರ್ಷದಲ್ಲಿ ಒಂದು ಶೀಶೆಯೂ ಅದಲುಬದಲಾಗದ ಕೈಯಲ್ಲವೇ, ನೆನಪಿದ್ದಂತೆ ಮತ್ತೆ ಅಂಟಿಸಿ ಬಾಗಿಲು ತೆರೆಯಲು ಓಡಿದರು.

ಬಸ್ಸು ಓಡಿಸಿ ನಿವೃತ್ತನಾದ ಅಣ್ಣ, ಶಾಲೆಯ ಟೀಚರಾದ ತಂಗಿ, ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಕೇಳದ ಚಿಕ್ಕಮ್ಮ, ಮೂವರೂ ಒಳಗೆ ಹೋಗಿ ಹೆಂಡತಿಯ ಕಾಲು ವಿಚಾರಿಸಿ ಬಂದು ಊಟಕ್ಕೆ ಕುಳಿತರು. ಕಂಪೌಂಡರು ಚೀಟಿ ಓದಿ ಓದಿ ಬಡಿಸಿದರು.

"ಭಾವ, ಇನ್ನೊಂದು ಸೌಟು ಹಾಕಿ. ಏನು ರುಚಿ ಇದು!" ಅಣ್ಣ ತಟ್ಟೆ ಮುಂದೆ ತಳ್ಳಿದ. ತಟ್ಟೆಯ ಅಂಚಿನಲ್ಲಿ ಅರೆಯುವಾಗ ತಪ್ಪಿಸಿಕೊಂಡ ಒಂದು ಚೂರು ಕಾಣಿಸಿತು. ಬದನೆಯ ತೊಟ್ಟು!

ಕಂಪೌಂಡರು ಸೌಟು ಕೆಳಗಿಟ್ಟರು. ಗೋಡೆಯ ಗಡಿಯಾರ ನೋಡಿದರು. ತಿಂದು ಇಪ್ಪತ್ತು ನಿಮಿಷವಾಗಿತ್ತು. ಅಣ್ಣನ ಮೈ ಕೈ ಎಲ್ಲಿಯೂ ಒಂದು ದದ್ದಿಲ್ಲ. ಆದರೂ ತಪ್ಪು ಔಷಧಿ ಕೊಟ್ಟವನು ತಕ್ಷಣ ಒಪ್ಪಿಕೊಳ್ಳಬೇಕು.

"ತಿನ್ನೋದು ನಿಲ್ಸಿ. ಅದು ಬದನೆಕಾಯಿ. ಚೀಟಿ ಅದಲುಬದಲಾಗಿದೆ."

ಅಣ್ಣ ಕೋಣೆಯ ಪರದೆಯ ಕಡೆ ನೋಡಿ, ದನಿ ತಗ್ಗಿಸಿದ. "ತುರಿಕೆನೂ ಇಲ್ಲ ಗಿರಿಕೆನೂ ಇಲ್ಲ, ಭಾವ. ನಿಮ್ಮ ಮದುವೆ ಹೊಸದರಲ್ಲಿ ನಮ್ಮ ಪುಟ್ಟಿ ಬದನೆಕಾಯಿ ಮಾಡಿ ಬಡಿಸಿದ್ಲು. ಬಾಯಿಗಿಡೋಕೆ ಆಗ್ಲಿಲ್ಲ. ಪಾಪ, ಹೇಗೆ ಹೇಳೋದು? ತುರಿಕೆ ಅಂದೆ. ಅಲ್ಲಿಂದ ಹಾಗೇ ನಡ್ಕೊಂಡು ಬಂತು."

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ನನ್ನ ತಲೆನೋವೂ ಅದೇ ಜಾತೀದು, ಅಣ್ಣ."

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪಿಸುಮಾತು ಕೇಳದಿದ್ದರೂ ಮುಖಗಳನ್ನು ನೋಡಿಯೇ ವಿಷಯ ತಿಳಿದುಕೊಂಡ ಚಿಕ್ಕಮ್ಮ, ಬೀದಿಗೆಲ್ಲ ಕೇಳುವಂತೆ, "ಹೌದಪ್ಪಾ! ಅವಳ ಕೈಗೆ ಕುಂಬಳಕಾಯಿ ಸಿಕ್ಕಿದ್ರೆ ಆಯ್ತು, ಕಥೆ ಮುಗೀತು!" ಎಂದರು.

ಪರದೆಯ ಆಚೆ ಮಂಚ ಕಿರುಗುಟ್ಟಿತು. ಅಣ್ಣನಿಗೆ ಏನು ತೋಚಿತೋ, ಎರಡೂ ಮೊಣಕೈಗಳನ್ನು ಪರಪರ ಕೆರೆದುಕೊಳ್ಳತೊಡಗಿದ. ತಂಗಿ ಹಣೆ ಒತ್ತಿಕೊಂಡು, "ಅಯ್ಯೋ, ಶುರುವಾಯ್ತು ನೋಡಿ ತಲೆನೋವು" ಎಂದು ಜೋರಾಗಿ ನರಳಿದಳು. ಚಿಕ್ಕಮ್ಮ ಮಾತ್ರ ಕುಂಬಳಕಾಯಿಯ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡರು.

"ನಂಗೂ ಒಂದು ತಟ್ಟೆ ತನ್ನಿ," ಒಳಗಿನಿಂದ ದನಿ ಬಂತು. "ಮೂರನ್ನೂ ಹಾಕಿ."

ಕಂಪೌಂಡರು ತಟ್ಟೆ ಹಿಡಿದು ಹೋದರು. ಹಿಂದೆಯೇ ಅಣ್ಣ ತಂಗಿ ಎಂಜಲು ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಹೆಂಡತಿ ಬದನೆ ತಿಂದಳು, ಕೋಸು ತಿಂದಳು, ಕುಂಬಳ ತಿಂದಳು.

"ಮೂವತ್ತು ವರ್ಷ ನಾನು ಜೋಪಾನವಾಗಿ ನೆನಪಿಟ್ಕೊಂಡಿದ್ದು ಇದನ್ನಾ?" ಅವಳು ಅತ್ತೇಬಿಟ್ಟಳು.

"ನೀನು ನೊಂದ್ಕೊಳ್ತೀಯ ಅಂತ, ಪುಟ್ಟಿ..."

"ಅವತ್ತೇ ಹೇಳಿದ್ರೆ ಒಂದು ದಿನ ನೊಂದ್ಕೊಂಡು ಸುಮ್ನಾಗ್ತಿದ್ದೆ. ಈಗ ಮೂವತ್ತು ವರ್ಷದ್ದು ಒಟ್ಟಿಗೆ ನೊಂದ್ಕೋಬೇಕಲ್ಲೋ!"

ಅಳುತ್ತಲೇ ಅವಳಿಗೆ ನಗು ಬಂದುಬಿಟ್ಟಿತು. ಬೆರಳಿಂದ ತಟ್ಟೆಯ ತಳ ಬಳಿದು, "ಉಪ್ಪು ಒಂಚೂರು ಕಮ್ಮಿ" ಎಂದು ಇನ್ನಷ್ಟಕ್ಕೆ ತಟ್ಟೆ ಚಾಚಿದಳು.

"ಮುಂದಿನ ವರ್ಷವೂ ಇಲ್ಲೇ, ಅಕ್ಕ," ತಂಗಿ ಕಣ್ಣೊರೆಸಿಕೊಂಡು ಹೇಳಿದಳು. "ಭಾವನೇ ಅಡಿಗೆ ಮಾಡ್ಲಿ. ಮಂಚದ ಮೇಲೆ ಕೂತು ನೀನು ಹುಕುಂ ಮಾಡು."

ನಾಲ್ಕು ಗಂಟೆಗೆ ಎಲ್ಲರೂ ಹೊರಟರು. ಪಾತ್ರೆ ತೊಳೆದು ಬಂದ ಕಂಪೌಂಡರ ಹತ್ತಿರ ಹೆಂಡತಿ ಬೆಳಗಿನ ಪಟ್ಟಿ ಕೇಳಿ ಇಸಕೊಂಡಳು. ಜೊತೆಗೆ ಅವರ ಜೇಬಿನ ಪೆನ್ಸಿಲ್ಲನ್ನೂ. ಅಣ್ಣನ ಮುಂದಿದ್ದ ಬದನೆಕಾಯಿ ಹೊಡೆದುಹಾಕಿದಳು. ಕೋಸು ಹೊಡೆದುಹಾಕಿದಳು. ಕುಂಬಳಕಾಯಿಯನ್ನಂತೂ ಎರಡು ಸಲ ಗೀಚಿದಳು. ಕೊನೆಯ ಸಾಲಿನ ಹಾಗಲಕಾಯಿಗೆ ಬಂದು ಕೈ ನಿಲ್ಲಿಸಿ, ಪೆನ್ಸಿಲ್ಲನ್ನು ಗಂಡನ ಕಡೆ ಚಾಚಿದಳು.

ಕಂಪೌಂಡರು ಅದನ್ನು ತೆಗೆದುಕೊಂಡರು. ಬೆಳಕಿಗೆ ಹಿಡಿದು ನೋಡಿ, ಮೊನೆ ಮೊಂಡಾಗಿದೆ ಎಂದರು. ಕಿಟಕಿಯಲ್ಲಿದ್ದ ಬ್ಲೇಡು ತಂದು, ಮಂಚದ ತುದಿಯಲ್ಲಿ ಕುಳಿತು ನಿಧಾನವಾಗಿ ಕೆತ್ತತೊಡಗಿದರು. ಹೆಂಡತಿ ಪಟ್ಟಿಯನ್ನು ಪ್ಲಾಸ್ಟರಿನ ಮೇಲೆ ಹರಡಿಕೊಂಡು ಕಾಯುತ್ತಿದ್ದಳು.