ಕರಗಿದ ತುದಿಗಳು

ಬಾಗಿಲು ಬಡಿದ ಸದ್ದಿಗೆ ಸುವರ್ಣಾ ನಡುರಾತ್ರಿ ಎದ್ದಳು. ಹೊಸ್ತಿಲಲ್ಲಿ ಪ್ರಯೋಗಾಲಯದ ಜೊತೆಗಾರ್ತಿ ದೀಪಾಲಿ ಏದುಸಿರು ಬಿಡುತ್ತಿದ್ದಳು.

“ನಿನ್ನ ಸೂಜಿ ಎಲ್ಲಾ ಹಾಳಾಗ್ಯಾವ!”

ಗಾಜಿನಲ್ಲಿ ಹುದುಗಿಸಿದ, ಕೂದಲಿಗಿಂತ ಸಾವಿರ ಪಟ್ಟು ಸಣ್ಣನೆಯ ಪ್ಲಾಟಿನಂ ತುದಿಗಳವು. ಬೆಳಗಿನ ಪರೀಕ್ಷೆಯಲ್ಲಿ ಅವು ಗೆದ್ದರೆ ಸುವರ್ಣಾಳಿಗೆ ವಿಜ್ಞಾನಿಯ ಹುದ್ದೆ ಖಚಿತವಾಗಿತ್ತು.

ಹೈದರಾಬಾದಿನ ಅಮೀರ್‌ಪೇಟ್‌ನ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಜಾವಾ ಕಲಿಸುವ ಗಂಡ ವಿಶ್ವಜಿತ್ ಹಾಸಿಗೆಯಿಂದಲೇ ಸಮಾಧಾನ ಹೇಳಿದ. “ಹೋಗ್ಲಿ ಬಿಡು. ನನ್ನ ಪಗಾರ ಸಾಲೂದಿಲ್ಲೇನು? ಮನ್ಯಾಗ ಆರಾಮ ಇರು.”

ಪ್ರಯೋಗಾಲಯದಲ್ಲಿ ಅವಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಯಾರೋ ಬರಿಗೈಯಲ್ಲಿ ಒಂದೊಂದನ್ನೇ ಮುಟ್ಟಿದ್ದರು. ಮೈಯ ಸ್ಥಿರವಿದ್ಯುತ್ತಿಗೆ ತುದಿಗಳೆಲ್ಲ ಕರಗಿ ಮೊಂಡಾಗಿದ್ದವು.

“ಸಂಜಿಗೆ ಇಲ್ಲಿ ಯಾರು ಬಂದಿದ್ರು?” ಎಂದು ಕಾವಲುಗಾರ ಹುಲಗೇಶನನ್ನು ಕೇಳಿದಳು.

“ನೀವ ಕಳಿಸೀರಿ ಅಂತ ಕೀಲಿ ಇಸ್ಕೊಂಡ್ರಲ್ರೀ ಮೇಡಂ.”

“ಯಾರು?”

“ನಿಮ್ಮ ಯಜಮಾನ್ರ, ವಿಶ್ವಜಿತ್ ಸಾಹೇಬ್ರು.”