ತಳಕ್ಕೆ ಕೈ ಹಾಕುವ ರೇವವ್ವ

ರೇವವ್ವ ಯಾವ ಚೀಲದ ಮೇಲಿನ ಹಣ್ಣನ್ನೂ ನಂಬಿದವಳಲ್ಲ. ಇಂಡಿಯ ಲಿಂಬಿಕಾಯಿ ಪೇಟೆಯಲ್ಲಿ ಮೂವತ್ತು ವರ್ಷ ಪಳಗಿದ ಆ ಬಲಗೈ, ಎದುರಿನವನು ತನ್ನ ಮಾಲಿನ ಸ್ತೋತ್ರ ಆರಂಭಿಸುವ ಮೊದಲೇ ಮೊಳಕೈವರೆಗೆ ಚೀಲದೊಳಗಿಳಿದು, ತಳದ ಹಣ್ಣೊಂದನ್ನು ಹಿಡಿದು ಮೇಲೆ ಬಂದಿರುತ್ತಿತ್ತು. ಬುಟ್ಟಿ ಹೊತ್ತು ಹೊತ್ತು ಒಂದು ಪಕ್ಕಕ್ಕೆ ವಾಲಿದ ನಡಿಗೆ, ತಲೆಯಿಂದ ಜಾರುತ್ತಲೇ ಇರುವ ಇಳಕಲ್ ಸೆರಗು, ಎಂಥ ವರ್ಣನೆಯನ್ನೂ ನಡುವೆ ಕತ್ತರಿಸುವ "ಅದಿರ್ಲಿ" ಎಂಬ ಒಂದೇ ಮಾತು. ಇಷ್ಟಕ್ಕೇ ಎಂಥ ದಲ್ಲಾಳಿಯೂ ಮೆತ್ತಗಾಗುತ್ತಿದ್ದ.

ಈಚೆಗೆ ಆ ಕೈಗೆ ಹೊಸ ಕೆಲಸ ಬಂತು. ಝಳಕಿಯ ಹತ್ತಿರದ ಅವಳ ಹಳ್ಳಿಯಲ್ಲಿ ಶಾಲೆ ಐದನೇ ಇಯತ್ತೆಗೆ ಮುಗಿಯುತ್ತದೆ. ಮಗನ ಮಗಳು ದಾನೇಶ್ವರಿ ಆರನೆಯದಕ್ಕೆ ಎಲ್ಲಿಗೆ ಹೋಗಬೇಕು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರಿಗೆ ರೇವವ್ವ ಒಬ್ಬೊಬ್ಬ ಮಗಳನ್ನು ಕೊಟ್ಟಿದ್ದಳು. ನಾಲ್ವರೂ ತಮ್ಮೂರಿನ ಸರಕಾರಿ ಶಾಲೆಯೇ ಲೋಕೋತ್ತರವೆಂದು ಫೋನಿನಲ್ಲಿ ಕಾದಾಡಿದರು. ಹುಡುಗಿಯ ಸಂಕಟ ಬೇರೆಯೇ ಇತ್ತು. ಅಕ್ಷರ ಕೂಡಿಸಿ ಓದುವುದು ಅವಳಿಗೆ ತಡ. ತಡವಾದರೆ ಗೆಳತಿಯರು ನಗುವರು, ನಕ್ಕರೆ ಇವಳು ಬಾಯಿ ಮುಚ್ಚುವಳು. "ಆಯಿ, ನಾ ಸಾಲಿ ಬಿಡ್ತೇನಿ" ಎಂದು ಆಗಲೇ ಎರಡು ಸಲ ಅಂದಿದ್ದಳು. ಆ ಮಾತು ಅಜ್ಜಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಕಾಲ. ರೇವವ್ವ ನಾಲ್ಕೂ ಊರು ಸುತ್ತಿದಳು. ಎಲ್ಲೆಡೆಯೂ ಚಹಾ ಕೊಟ್ಟರು, ಗೋಡೆಯ ಚಿತ್ರ, ಹೊಸ ಕಂಪ್ಯೂಟರು ತೋರಿಸಿದರು, ಮುಂದಿನ ಸಾಲಿನ ಚುರುಕು ಹುಡುಗಿಯೊಬ್ಬಳಿಂದ ಪದ್ಯ ಹೇಳಿಸಿದರು. "ಅದಿರ್ಲಿ. ಮ್ಯಾಲಿನ ಹಣ್ಣು ನೋಡಿದ್ನಿ, ತಳದ್ದು ತೋರಸ್ರಿ" ಎನ್ನುತ್ತ ರೇವವ್ವ ಕೊನೆಯ ಸಾಲಿಗೆ ಹೋಗಿ ಕೂತು, ಪಕ್ಕದ ಮಗುವಿಗೆ ಪುಸ್ತಕ ಹಿಡಿಸುವಳು. ಮೂರು ಕಡೆ ಆ ಮಗು ತಲೆ ತಗ್ಗಿಸಿತು. "ಅಕಿನ್ನ ಬಿಡ್ರಿ, ಬ್ಯಾರೆದಾಕಿನ್ನ ಕೇಳ್ರಿ" ಎಂದು ಗುರುಗಳು ಪ್ರೀತಿಯಿಂದಲೇ ಅಂದರು.

ಮುದ್ದೇಬಿಹಾಳದಲ್ಲಿ ಕೊನೆಯ ಸಾಲಿನ ಶಕೀಲ ಪುಸ್ತಕ ತೆರೆದಳು. ಒಂದಕ್ಷರ ಓದಿ ನಿಂತಳು, ಮತ್ತೊಂದು ಓದಿ ನಿಂತಳು. ಯಾರೂ ನಗಲಿಲ್ಲ, ಸುನಂದಾ ಟೀಚರ್ ಸುಣ್ಣದ ಕಡ್ಡಿ ಹಿಡಿದು ಸುಮ್ಮನೆ ಕಾದರು. ತಾಳ್ಮೆ ಕೆಟ್ಟದ್ದು ರೇವವ್ವನಿಗೇ.

"ಲಗೂನ ಓದವ್ವಾ!"

"ತಡೀಬೇ ಆಯಿ, ಓದಾಕತ್ತೇನಲ್ಲ!" ಎಂದು ಶಕೀಲ ತಲೆಯೆತ್ತದೆ ಗದರಿದಳು.

ಇಡೀ ತರಗತಿ ನಕ್ಕಿತು, ಮುದುಕಿಯನ್ನು ನೋಡಿ. ಕಣ್ಣಲ್ಲಿ ನೀರು ಬರುವಷ್ಟು ರೇವವ್ವನೂ ನಕ್ಕಳು. "ನಮ್ಮ ಹುಡುಗಿಗೂ ಹಿಂಗ ಬೈಯಾಕ ಕಲಸ್ರಿ, ಅಕ್ಕೋರ" ಎಂದು ಅಲ್ಲೇ ಹೆಸರು ಹಚ್ಚಿಸಿ ಬಂದಳು.

ಮುದ್ದೇಬಿಹಾಳದ ಮಗಳ ಮನೆಯಲ್ಲಿದ್ದು ಓದುತ್ತಿದ್ದ ಮೊಮ್ಮಗಳನ್ನು ದಸರಾ ರಜೆಗೆ ಕರೆತರಲು ಹೋದಾಗ, ನಿಲ್ದಾಣದಲ್ಲಿ ಹೊರಟು ನಿಂತ ಬಸ್ಸಿನ ಬೋರ್ಡು ತೋರಿಸಿ, "ಎಲ್ಲಿದೈತಿ? ಲಗೂನ ಹೇಳು" ಎಂದಳು. ದಾನೇಶ್ವರಿ ಬೆರಳೆತ್ತಿ ಅಕ್ಷರ ಕೂಡಿಸತೊಡಗಿದಳು. "ತಡೀಬೇ ಆಯಿ, ಓದಾಕತ್ತೇನಲ್ಲ!" ಬಸ್ಸು ಹೋಯಿತು. ಅದು ಅವರದೇ ಬಸ್ಸಾಗಿತ್ತು. ರೇವವ್ವನಿಗೆ ಅಂದಿನಷ್ಟು ಸಂತೋಷ ಯಾವ ಸುಗ್ಗಿಯಲ್ಲೂ ಆಗಿರಲಿಲ್ಲ.

ಮೇಲಿನ ಹಣ್ಣನ್ನು ಹೊಗಳುವವರಿಗೆ ಯಾವ ಪೇಟೆಯಲ್ಲೂ ಬರವಿಲ್ಲ. ಎಲ್ಲರ ಭಾರ ಹೊತ್ತು ತಳದಲ್ಲಿ ಕೂತದ್ದನ್ನು ಹುಡುಕಿ ಹೋಗುವ ಕೈಗಳು ಮಾತ್ರ ಕೆಲವು. ಅಂಥವರು ಬಸ್ಸು ತಪ್ಪಿಸಿಕೊಳ್ಳಬಹುದು, ಮಕ್ಕಳನ್ನು ತಪ್ಪಿಸಿಕೊಳ್ಳುವುದಿಲ್ಲ.