ಕೆಳಗಿನ ಸಾಲು

ಜುಮ್ವಾ ಬಾಣಲೆಗೆ ಇನ್ನೊಂದು ಸುತ್ತು ಮಹಾಮ್ರಿ ಬಿಟ್ಟಿದ್ದಳಷ್ಟೆ. ತೆಂಗಿನ ಹಾಲಿನಲ್ಲಿ ಕಲೆಸಿದ ಹಿಟ್ಟು ಎಣ್ಣೆಯಲ್ಲಿ ಉಬ್ಬಿ ಬರುವ ಹೊತ್ತಿಗೆ ಸರಿಯಾಗಿ ನೆರೆಮನೆಯ ಹುಡುಗ ಕರೀಸಾ ಓಡುತ್ತಾ ಅಂಗಳಕ್ಕೆ ನುಗ್ಗಿದ.

“ಅತ್ತೆ, ನಿಮ್ಮನೆ ಹಾಸಿಗೆ ಕೊಡಿ. ನಮ್ದನ್ನ ಆಡು ತಿಂದುಹಾಕ್ತು.”

“ಹಾಸಿಗೇನಾ?”

“ಒಳಗಿನ ಹುಲ್ಲೆಲ್ಲಾ ಖಾಲಿ. ಇವತ್ತು ಕಿಟ್ಸಾವೊನ್ನ ಗೋಪುರದ ತುದಿಗೆ ಹತ್ತಿಸ್ತೀವಿ. ಬೀಳೋನು ನಿಮ್ಮ ಮಗ ತಾನೆ, ನಿಮ್ಮ ಹಾಸಿಗೆ ಮೇಲೇ ಬೀಳ್ಲಿ.”

ಜುಮ್ವಾ ನಗುತ್ತಾ ಒಳಗಿನ ಕಡೆ ಕೈ ತೋರಿಸಿದಳು. ಹಾಸಿಗೆ ಕರೀಸಾನ ತಲೆಯೇರಿ ಹೊರಟಿತು. ಐದು ವರ್ಷದ ಕಿಟ್ಸಾವೊ ಕುಣಿಯುತ್ತಾ ಅದರ ಹಿಂದೆ ಓಡಿದ.

ಹಿತ್ತಿಲಲ್ಲಿ ಅವನ ಅಕ್ಕ ದಾಮಾ ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜುತ್ತಿದ್ದಳು.

ಹೋದ ಮಳೆಗಾಲದವರೆಗೆ ಆ ತುದಿ ಅವಳದಾಗಿತ್ತು. ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಕಟ್ಟುವ ಗೋಪುರದಲ್ಲಿ ಎಲ್ಲರಿಗಿಂತ ಮೇಲೆ ಕೈಚಾಚಿ ನಿಲ್ಲುವವಳು ಅವಳೇ. ಆಮೇಲೆ ಹುಡುಗಿ ಬಾಳೆಕಂದಿನ ಹಾಗೆ ಬೆಳೆದುಬಿಟ್ಟಳು. ಉದ್ದ ಬೆಳೆದ ಹುಡುಗಿಯರು ಗೋಪುರದ ಮುಂದೆ ಕುಣಿಯಬೇಕು. ದಾಮಾಳ ಕಾಲಿಗೂ ಡೋಲಿಗೂ ಹುಟ್ಟುಹಗೆ. ಅವಳಿಗೆ ಬೇಕಿದ್ದದ್ದು ಕೆಳಗಿನ ಸಾಲು, ಎಲ್ಲರ ಭಾರ ಹೊರುವ ಜಾಗ. ಅಲ್ಲಿ ಗಂಡುಹುಡುಗರೇ ನಿಲ್ಲುವುದು. ಹಾಗೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ. ಯಾವ ಹುಡುಗಿಯೂ ಕೇಳಿರಲಿಲ್ಲ, ಅಷ್ಟೆ. ತಮ್ಮನನ್ನು ಹೆಗಲ ಮೇಲೆ ನಿಲ್ಲಿಸಿಕೊಂಡೇ ಅವಳು ಕೋಳಿಗಳಿಗೆ ಕಾಳು ಹಾಕುತ್ತಿದ್ದುದನ್ನು ಜುಮ್ವಾ ಎಷ್ಟೋ ಸಲ ಕಂಡಿದ್ದಳು.

“ಅಮ್ಮಾ, ಚೆಂಗೊ ಮಾಮನ್ನ ನೀನೇ ಕೇಳೇ.”

“ನಿಲ್ಲೋಳು ನಾನಾ ನೀನಾ?”

“ಎಲ್ರೂ ನಗ್ತಾರೆ.”

“ನಗೋರ ಬಾಯಿಗೆ ಮಹಾಮ್ರಿ ತುರುಕೋಣ. ಏಳು, ಬುಟ್ಟಿ ಹಿಡ್ಕೋ.”

ಮೊಂಬಾಸಾದ ಆ ಕಡಲದಂಡೆಯಲ್ಲಿ ನೀರು ಹಿಂದೆ ಸರಿದು ಮರಳು ಗಟ್ಟಿಯಾಗಿತ್ತು. ಡೋಲು ಆಗಲೇ ಶುರುವಾಗಿತ್ತು. ಹುಡುಗರಿಗೆ ಕಸರತ್ತು ಕಲಿಸುವ ಚೆಂಗೊ ಸೊಂಟಕ್ಕೆ ಕೈಕೊಟ್ಟು ಕೂಗಾಡುತ್ತಿದ್ದ. ಕಿಟ್ಸಾವೊ ಎರಡನೆಯ ಸಾಲಿನವರೆಗೆ ಹತ್ತಿ, ಅಲ್ಲಿದ್ದವನ ಕಿವಿಗಳನ್ನು ಹಿಡಿದುಕೊಂಡು ಕೂತುಬಿಟ್ಟಿದ್ದ.

“ಅಯ್ಯೋ, ಕಿವಿ ಬಿಡೋ! ನಾನೇನು ಕತ್ತೇನಾ?”

“ಬಿಟ್ರೆ ಬೀಳ್ತೀನಿ!”

“ಹೆಗಲ ಮೂಳೆ ಮೇಲೆ ಕಾಲಿಡೋ ಪುಟ್ಟಾ,” ದಾಮಾ ಬುಟ್ಟಿ ಹಿಡಿದಲ್ಲಿಂದಲೇ ಕೂಗಿದಳು. “ಕೆಳಗೆ ನೋಡ್ಬೇಡ, ಸಮುದ್ರ ನೋಡು!”

ಹುಡುಗ ಸಮುದ್ರ ನೋಡಿದ, ಎದ್ದೂ ನಿಂತ. ಆದರೆ ಅಡಿಯಲ್ಲಿದ್ದ ಕರೀಸಾನ ಮೊಣಕಾಲು ನಡುಗಿ, ಗೋಪುರವೆಲ್ಲ ನಗುತ್ತಾ, ಬೈದಾಡುತ್ತಾ ಜುಮ್ವಾಳ ಹಾಸಿಗೆಯ ಮೇಲೆ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಕರೀಸಾ ಮಾತ್ರ ಕಾಲು ಚಾಚಿ ಕೂತ.

“ನನ್ನ ಕೈಲಿ ಆಗಲ್ಲಪ್ಪ. ಆಡು ಓಡಿಸಿ ಓಡಿಸಿ ಕಾಲೇ ಸತ್ತೋಗಿದೆ.”

“ಹಾಗಾದ್ರೆ ಕೆಳಗೆ ಯಾರು ನಿಲ್ತಾರೆ? ಆ ಆಡನ್ನೇ ಕರ್ಕೊಂಡು ಬರ್ಲಾ?” ಎಂದ ಚೆಂಗೊ. “ಜುಮ್ವಾ, ನೀನಾದ್ರೂ ಬಾರಮ್ಮ!”

ಎಲ್ಲರೂ ಹೋ ಎಂದು ನಕ್ಕರು. ನನ್ನ ಮಗಳಿದ್ದಾಳಲ್ಲ ಎಂಬ ಮಾತು ಜುಮ್ವಾಳ ನಾಲಿಗೆಯ ತುದಿಯವರೆಗೆ ಬಂತು. ಅಮ್ಮ ಹೇಳಲಿ ಎಂದು ಪಕ್ಕದಲ್ಲಿದ್ದ ದಾಮಾ ಅವಳ ಮುಖ ನೋಡಿದಳು. ಅಮ್ಮ ಅವಳ ಕೈಯಿಂದ ಬುಟ್ಟಿಯನ್ನಷ್ಟೇ ತೆಗೆದುಕೊಂಡಳು.

ಕೈ ಖಾಲಿಯಾದ ದಾಮಾ ಉಟ್ಟ ಬಟ್ಟೆಯನ್ನು ಎತ್ತಿ ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳಿನ ನಡುವೆ ಹೋಗಿ ನಿಂತಳು. ಡೋಲು ಬಡಿಯುವವನೂ ಕೈ ನಿಲ್ಲಿಸಿದ.

“ಚೆಂಗೊ ಮಾಮಾ,” ಎಂದಳು, ಅಲೆಯ ಸದ್ದಿಗಿಂತ ಜೋರಾಗಿ, “ಕೆಳಗಿನ ಸಾಲಲ್ಲಿ ನಾನು ನಿಲ್ಲಲಾ?”